ಬೂದಿ ಬುಧವಾರದಿಂದ ಶ್ರೀರಂಗಪಟ್ಟಣದವರೆಗೆ

ಪ್ರತಿವರ್ಷ ಮಹಾಶಿವರಾತ್ರಿ ಹತ್ತಿರ ಬಂದಂತೆ ಚಾರ್ಮಾಡಿ ಘಾಟಿಯ ರಸ್ತೆಯಲ್ಲಿ ಪಾದಯಾತ್ರಿಗಳ ಸಾಲು ಕಾಣುತ್ತದೆ. ಬೆಂಗಳೂರಿನಿಂದ, ಹಾಸನದಿಂದ, ಚಿಕ್ಕಮಗಳೂರಿನಿಂದ ಹೊರಟವರು ಬೆನ್ನಿಗೆ ಚೀಲ, ಕೈಗೆ ಕೋಲು ಹಿಡಿದು ಘಟ್ಟ ಇಳಿದು ಧರ್ಮಸ್ಥಳದತ್ತ ನಡೆಯುತ್ತಾರೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಇಗರ್ಜಿಗಳಲ್ಲಿ ಕ್ರೈಸ್ತರು ಹಣೆಗೆ ಬೂದಿ ಹಚ್ಚಿಸಿಕೊಂಡು ತಮ್ಮ ತಪಸ್ಸುಕಾಲವನ್ನು ಆರಂಭಿಸುತ್ತಾರೆ. 2023ರಲ್ಲಿ ಶಿವರಾತ್ರಿಗೂ ಆ ಬುಧವಾರಕ್ಕೂ ನಡುವೆ ಇದ್ದದ್ದು ನಾಲ್ಕೇ ದಿನಗಳ ಅಂತರ. ಕನ್ನಡ ಕ್ರೈಸ್ತರು ಆ ದಿನವನ್ನು ವಿಭೂತಿ ಬುಧವಾರ ಎಂದೂ ಕರೆಯುವುದುಂಟು. ಶೈವರ ಮಾತೊಂದು ಯಾವ ಸಂಕೋಚವೂ ಇಲ್ಲದೆ ಅಲ್ಲಿ ಹೋಗಿ ಕುಳಿತಿದೆ. ಕೊಂಕಣಿ ಮಾತನಾಡುವವರಿಗೆ ಅದು ಗೊಬೊರಾಚೊ ಬುಧ್ವಾರ್, ಅಂದರೆ ಬೂದಿಯ ಬುಧವಾರ.

ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ ನಲವತ್ತಾರು ದಿನಗಳು. ನಡುವೆ ಬರುವ ಆರು ಭಾನುವಾರಗಳನ್ನು ಬಿಟ್ಟರೆ ಉಳಿಯುವುದು ನಲವತ್ತು. ಏಸುಕ್ರಿಸ್ತ ಅರಣ್ಯದಲ್ಲಿ ಉಪವಾಸವಿದ್ದ ನಲವತ್ತು ದಿನಗಳ ನೆನಪು ಅದು. ಈ ಕಾಲದ ಮೂರು ಕರ್ತವ್ಯಗಳೆಂದರೆ ಪ್ರಾರ್ಥನೆ, ಉಪವಾಸ, ದಾನ. ಇವುಗಳ ಜೊತೆಗೆ ಯಾವ ನಿಯಮದಲ್ಲಿಯೂ ಕಟ್ಟುನಿಟ್ಟಾಗಿ ಬರೆಯದ, ಆದರೆ ಎಲ್ಲ ಕಡೆಗಳಲ್ಲಿಯೂ ಕಾಣುವ ನಾಲ್ಕನೆಯದೊಂದು ಇದೆ. ಅದು ನಡಿಗೆ.

ಈ ನಡಿಗೆ ಬಹಳ ಹಳೆಯದು. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಎಜೀರಿಯಾ ಎಂಬ ಮಹಿಳೆ ಪಶ್ಚಿಮ ಯೂರೋಪಿನಿಂದ ಜೆರುಸಲೇಮಿಗೆ ಹೋಗಿ, ಅಲ್ಲಿನ ಜನ ಈಸ್ಟರ್ ಹಿಂದಿನ ವಾರದಲ್ಲಿ ಒಂದು ಪುಣ್ಯಸ್ಥಳದಿಂದ ಇನ್ನೊಂದಕ್ಕೆ ಹಗಲೂ ರಾತ್ರಿ ನಡೆಯುತ್ತಿದ್ದುದನ್ನು ಬರೆದಿಟ್ಟಿದ್ದಾಳೆ. ಸ್ಪೇನಿನ ಸಾಂತಿಯಾಗೊಗೆ ಹೋಗುವ ಯಾತ್ರಿಕರು ಫ್ರಾನ್ಸಿನ ಗಡಿಯಿಂದ ಸುಮಾರು 780 ಕಿಲೋಮೀಟರು ನಡೆಯುತ್ತಾರೆ. ಜೆರುಸಲೇಮಿಗೂ ಸಾಂತಿಯಾಗೊಗೂ ಹೋಗಲಾರದ ಬಡವರ ಪಾಲಿಗೆ ಬಂದದ್ದು ಶಿಲುಬೆಯ ಹಾದಿ. 1342ರಿಂದ ಪುಣ್ಯಭೂಮಿಯ ಪಾಲಕರಾದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಇದನ್ನು ಊರೂರಿಗೆ ಹರಡಿದರು. 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಅದರ ನಿಲ್ದಾಣಗಳನ್ನು ಹದಿನಾಲ್ಕು ಎಂದು ನಿಗದಿಪಡಿಸಿದ. ಇಗರ್ಜಿಯ ಗೋಡೆಯ ಸುತ್ತ ಅಥವಾ ಹತ್ತಿರದ ಗುಡ್ಡದ ಏರಿನಲ್ಲಿ ಹದಿನಾಲ್ಕು ಕಡೆ ನಿಂತು ಪ್ರಾರ್ಥಿಸಿದರೆ ಜೆರುಸಲೇಮಿನ ಬೀದಿಯಲ್ಲಿ ನಡೆದಂತೆ. ಕರಾವಳಿಯಲ್ಲಿ ತಪಸ್ಸುಕಾಲದ ಶುಕ್ರವಾರಗಳಂದು ಇಂದಿಗೂ ನಡೆಯುವ ಆಚರಣೆ ಇದು.

ಇವೆಲ್ಲವೂ ಜನ ತಾವಾಗಿ ಆರಿಸಿಕೊಂಡ ಕಷ್ಟಗಳು. ಕಾಲು ಸೋತರೆ ಕುಳಿತುಕೊಳ್ಳಬಹುದು; ಬೇಡವೆನಿಸಿದರೆ ಬಸ್ಸು ಹತ್ತಿ ಮನೆಗೆ ಮರಳಬಹುದು. ಆದರೆ ದಕ್ಷಿಣ ಕನ್ನಡದ ಕ್ರೈಸ್ತರ ಚರಿತ್ರೆಯಲ್ಲಿ ತಪಸ್ಸುಕಾಲದ ಅತ್ಯಂತ ದೀರ್ಘ ನಡಿಗೆ ಯಾರೂ ಆರಿಸಿಕೊಂಡದ್ದಾಗಿರಲಿಲ್ಲ. ಅದರ ಕೊನೆಯಲ್ಲಿ ಯಾವ ಪುಣ್ಯಕ್ಷೇತ್ರವೂ ಇರಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ಪ್ರಸಂಗವದು.

ಈ ಜನ ಇಲ್ಲಿಗೆ ಬಂದದ್ದೇ ಒಂದು ನಡಿಗೆಯಿಂದ. ಗೋವೆಯಲ್ಲಿ 1560ರಲ್ಲಿ ಆರಂಭವಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಭಯ, ಬರಗಾಲ, 1683ರಲ್ಲಿ ಮರಾಠರ ದಾಳಿ, ಹೀಗೆ ಬೇರೆ ಬೇರೆ ಕಾರಣಗಳಿಂದ ಕುಟುಂಬಗಳು ತಂಡ ತಂಡವಾಗಿ ದಕ್ಷಿಣಕ್ಕೆ ಬಂದವು. ಬೇಸಾಯ ಬಲ್ಲವರೆಂದು ಕೆಳದಿಯ ಅರಸರು ಅವರಿಗೆ ಭೂಮಿ ಕೊಟ್ಟು ನೆಲೆಗೊಳಿಸಿದರು. ನೇತ್ರಾವತಿಯ ದಂಡೆಯ ಗದ್ದೆಗಳಲ್ಲಿ, ಬಂಟ್ವಾಳದ ಸುತ್ತಿನ ತೋಟಗಳಲ್ಲಿ, ಮೂಡುಬಿದಿರೆಯ ಚೌಟ ಅರಸರ ಸೀಮೆಯಲ್ಲಿ ಅವರು ಒಕ್ಕಲಾದರು. ಕೆಲವರು ವ್ಯಾಪಾರಿಗಳಾದರು, ಇನ್ನು ಕೆಲವರು ಸೇನೆಗೆ ಸೇರಿದರು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಕೆನರಾ ಅವನ ಕೈಗೆ ಬಂತು. ಹೈದರನ ಕಾಲದಲ್ಲಿ ಕ್ರೈಸ್ತರ ಬದುಕು ಏರುಪೇರಿನ ನಡುವೆಯೂ ಸಾಗಿತ್ತು.

ಕೆಟ್ಟದ್ದು ಇಂಗ್ಲಿಷರ ಯುದ್ಧದಿಂದ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಬಿದನೂರನ್ನೂ ಮಂಗಳೂರನ್ನೂ ವಶಪಡಿಸಿಕೊಂಡ. ಟಿಪ್ಪು ಬಿದನೂರನ್ನು ಮರಳಿ ಪಡೆದು ಮಂಗಳೂರಿಗೆ ಮುತ್ತಿಗೆ ಹಾಕಿದ. ಕೋಟೆಯೊಳಗಿದ್ದ ಕರ್ನಲ್ ಕ್ಯಾಂಬೆಲ್ ತಿಂಗಳುಗಟ್ಟಲೆ ಹಸಿವೆಯಿಂದ ಬಳಲಿ 1784ರ ಜನವರಿ 30ರಂದು ಶರಣಾದ. ಇಲ್ಲಿನ ಕ್ರೈಸ್ತರು ಇಂಗ್ಲಿಷರಿಗೆ ಹಣವನ್ನೂ ದಾರಿಯನ್ನೂ ಕೊಟ್ಟರೆಂಬುದು ಟಿಪ್ಪುವಿನ ಆರೋಪ. ಯಾರೋ ಕೆಲವರು ಕೊಟ್ಟಿದ್ದರೂ ಇರಬಹುದು. ಅದಕ್ಕೆ ತೊಟ್ಟಿಲ ಕೂಸಿನವರೆಗೆ ಇಡೀ ಸಮುದಾಯ ದಂಡ ತೆರಬೇಕಾಯಿತು ಎಂಬುದೇ ಇಲ್ಲಿನ ದುರಂತ. ಟಿಪ್ಪುವಿನ ಚರಿತ್ರೆಯನ್ನು ಹೊಗಳಿಕೆ ಅಥವಾ ಬೈಗುಳ ಎಂಬ ಎರಡೇ ತಕ್ಕಡಿಗಳಲ್ಲಿ ತೂಗುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಶೃಂಗೇರಿ ಮಠಕ್ಕೆ ನೆರವು ಕೊಟ್ಟ ದೊರೆಯೂ, ಈ ಜನರನ್ನು ಊರಿನಿಂದ ಕಿತ್ತ ದೊರೆಯೂ ಒಬ್ಬನೇ. ಒಂದನ್ನು ಹೇಳುವಾಗ ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ಸೆರೆಹಿಡಿದದ್ದು ಯಾವ ದಿನ? ಸಮುದಾಯದ ನೆನಪಿನಲ್ಲಿಯೂ ಹೆಚ್ಚಿನ ಪುಸ್ತಕಗಳಲ್ಲಿಯೂ ಇರುವುದು 1784ರ ಫೆಬ್ರವರಿ 24, ಬೂದಿ ಬುಧವಾರ ಎಂದು. ಪಂಚಾಂಗ ಹಾಕಿ ನೋಡಿದರೆ ಆ ವರ್ಷದ ಫೆಬ್ರವರಿ 24 ಮಂಗಳವಾರ. ಬೂದಿ ಬುಧವಾರ ಬಂದದ್ದು 25ರಂದು. ಒಂದು ದಿನದ ಈ ವ್ಯತ್ಯಾಸದಿಂದ ಘಟನೆಯ ನಿಜಕ್ಕೆ ಕುಂದಿಲ್ಲ. ಜನರ ನೆನಪು ತಾರೀಖನ್ನು ಹಿಡಿದುಕೊಳ್ಳಲಿಲ್ಲ, ಬೂದಿಯನ್ನು ಹಿಡಿದುಕೊಂಡಿತು ಎನ್ನಬಹುದು. ಕ್ರೈಸ್ತರ ಮನೆಗಳನ್ನು ಮೊದಲೇ ಗುಟ್ಟಾಗಿ ಎಣಿಸಿ, ನಿಗದಿಯಾದ ದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಕಡೆ ಒಮ್ಮೆಲೇ ಹಿಡಿಯಲಾಯಿತು ಎಂದು ಟಿಪ್ಪುವಿನ ಆಸ್ಥಾನದ ಪಾರ್ಸಿ ವೃತ್ತಾಂತವೇ ಹೇಳುತ್ತದೆ. ಅದು ಕೊಡುವ ಸಂಖ್ಯೆ 60,000. ಬೇರೆ ಬೇರೆ ಲೇಖಕರ ಲೆಕ್ಕ 30,000ದಿಂದ 80,000ದವರೆಗೆ ಹರಡಿದೆ. ಅರಮನೆಯ ಬರಹಗಾರರು ಗೆಲುವನ್ನು ಹಿಗ್ಗಿಸಿ ಬರೆಯುವುದು ರೂಢಿ. ನೊಂದವರ ನೆನಪೂ ಸಂಖ್ಯೆಯನ್ನು ಬೆಳೆಸುತ್ತದೆ. ಕಡಿಮೆಯದನ್ನೇ ಹಿಡಿದರೂ ಅದೊಂದು ಇಡೀ ಸೀಮೆಯ ಜನ.

ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ 210 ಮೈಲಿ, ಅಂದರೆ ಸುಮಾರು 340 ಕಿಲೋಮೀಟರು. ನಡಿಗೆಗೆ ಹಿಡಿದದ್ದು ಆರು ವಾರ. ಚರಿತ್ರೆಯ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ ಇದು. ಈ ಆರು ವಾರವನ್ನು ಬೂದಿ ಬುಧವಾರದಿಂದ ಎಣಿಸಿಕೊಂಡು ಹೋದರೆ ಬರುವುದು ಏಪ್ರಿಲ್ 7. ಆ ವರ್ಷದ ಈಸ್ಟರ್ ಹಬ್ಬ ಏಪ್ರಿಲ್ 11ರಂದು. ಎಂದರೆ ಏಪ್ರಿಲ್ 7 ಪವಿತ್ರ ವಾರದ ಬುಧವಾರವಾಗುತ್ತದೆ. ಜನ ಇಡೀ ತಪಸ್ಸುಕಾಲವನ್ನು ರಸ್ತೆಯ ಮೇಲೆಯೇ ಕಳೆದರು. ದಿನಕ್ಕೆ ಸರಾಸರಿ ಎಂಟು ಕಿಲೋಮೀಟರು ನಡಿಗೆ. ಗಟ್ಟಿ ಕಾಲಿನ ಗಂಡಸಿಗೆ ಅದು ಬೆಳಗಿನ ಎರಡು ಗಂಟೆಯ ಕೆಲಸ. ಅಷ್ಟು ನಿಧಾನವಾಗಿ ನಡೆದರೆಂದರೆ ಆ ಸಾಲಿನಲ್ಲಿ ಎಷ್ಟು ಮುದುಕರು, ಎಷ್ಟು ಬಸುರಿಯರು, ಎಷ್ಟು ಮಕ್ಕಳು ಇದ್ದಿರಬೇಕೆಂಬುದು ತಾನಾಗಿ ತಿಳಿಯುತ್ತದೆ.

ಹೊರಟವರಿಗೆ ಮೊದಲು ಸಿಗುವುದು ಫರಂಗಿಪೇಟೆ. ಇಂದು ಬಂಟ್ವಾಳ ತಾಲೂಕಿಗೆ ಸೇರಿದ, ನೇತ್ರಾವತಿಯ ದಂಡೆಯ ಊರು. ಹೆಸರೇ ಹೇಳುವಂತೆ ಅದು ಫರಂಗಿಗಳ ಪೇಟೆ. ಆ ಕಾಲದಲ್ಲಿ ಕ್ರೈಸ್ತರಿಂದ ತುಂಬಿದ್ದ ದೊಡ್ಡ ಪಟ್ಟಣ. ಅಲ್ಲಿನ ಗುಡ್ಡದ ಮೇಲಿರುವ ಮೊಂತೆ ಮರಿಯಾನೊ ಫ್ರಾನ್ಸಿಸ್ಕನ್ ಪರಂಪರೆಯ ಸ್ಥಳ. 1784ರಲ್ಲಿ ಕೆನರಾದ ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದಾಗ, ಹೈದರನ ಗೆಳೆಯನಾಗಿದ್ದ ಪಾದ್ರಿ ಜೋಕಿಂ ಮಿರಾಂಡರಿಂದಾಗಿ ಇದೊಂದು ಉಳಿಯಿತೆಂಬ ಪ್ರತೀತಿ ಇದೆ. ಆದರೆ 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಕಂಡದ್ದು, ಇಲ್ಲೊಂದು ದೊಡ್ಡ ಪೇಟೆ ಇತ್ತು ಎಂಬುದಕ್ಕೆ ಸಾಕ್ಷಿಯಾಗಿ ನಿಂತಿದ್ದ ಇಗರ್ಜಿಯ ಅವಶೇಷವನ್ನು ಮಾತ್ರ. ಬಹುಶಃ ಎರಡೂ ನಿಜವೇ. ಕೆಡವದೆ ಬಿಟ್ಟ ಕಟ್ಟಡವೂ ಹದಿನೇಳು ವರ್ಷ ದೀಪ ಹಚ್ಚುವವರಿಲ್ಲದೆ ನಿಂತರೆ, ಅದರ ಮೇಲೆ ಹದಿನೇಳು ಮಳೆಗಾಲ ಸುರಿದರೆ, ಅವಶೇಷವಾಗಿಯೇ ಕಾಣುತ್ತದೆ.

ಪಾದ್ರಿಗಳನ್ನು ಜನರೊಂದಿಗೆ ಹೋಗಲು ಬಿಡಲಿಲ್ಲ. ಅವರನ್ನು ಗಡೀಪಾರು ಮಾಡಿ ಗೋವೆಗೆ ಅಟ್ಟಲಾಯಿತು. ಕ್ಯಾಥೊಲಿಕ್ ಧರ್ಮದ ಕಟ್ಟಳೆ ಬಲ್ಲವರಿಗೆ ಇದರ ಅರ್ಥ ಹೊಳೆಯುತ್ತದೆ. ಪಾದ್ರಿಯಿಲ್ಲದೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ದಾರಿಯಲ್ಲಿ ಸಾಯುವವನಿಗೆ ಅಂತ್ಯಸಂಸ್ಕಾರದ ಮಂತ್ರವಿಲ್ಲ. ತಪಸ್ಸುಕಾಲದಲ್ಲಿ ಹೊತ್ತಿಗೊಂದೇ ಊಟ ಎಂಬ ನಿಯಮವಿದ್ದ ಕಾಲ ಅದು. ಆ ಒಂದು ಊಟವೂ ಸಿಗದವನಿಗೆ ಉಪವಾಸದ ಪುಣ್ಯ ದಕ್ಕುತ್ತದೆಯೆ? ಉಣ್ಣಲು ಇದ್ದೂ ಉಣ್ಣದಿರುವುದು ಉಪವಾಸ. ಇಲ್ಲದೆ ಉಣ್ಣದಿರುವುದು ಬರಿಯ ಹಸಿವು. ಶಾಸ್ತ್ರ ಹಾಗೆ ಹೇಳಬಹುದು. ನಡೆಯುತ್ತಿದ್ದವರು ಈ ಪ್ರಶ್ನೆಯನ್ನು ಯಾರಲ್ಲಿ ಕೇಳಬೇಕಿತ್ತು? ಈಸ್ಟರ್ ಯಾವಾಗ ಎಂದು ಹೇಳುವವರೂ ಇರಲಿಲ್ಲ. ಆದರೆ ಬೇಸಾಯಗಾರರಿಗೆ ಚಂದ್ರನ ಲೆಕ್ಕ ಗೊತ್ತು. ಏಪ್ರಿಲ್ ಮೊದಲ ವಾರದಲ್ಲಿ ತುಂಬಿದ ಚಂದ್ರನನ್ನು ಕಂಡವರಿಗೆ, ಹಬ್ಬ ಅದರ ಮುಂದಿನ ಭಾನುವಾರವೆಂದು ಲೆಕ್ಕ ಹಾಕುವುದು ಕಷ್ಟವಾಗಿರಲಾರದು.

ಬಂಟ್ವಾಳ ದಾಟಿ ಪೂರ್ವಕ್ಕೆ ನಡೆದರೆ ಬೆಳ್ತಂಗಡಿ ಸೀಮೆ. ಕುದುರೆಮುಖದ ಸಾಲನ್ನು ಬೆನ್ನಿಗಿಟ್ಟುಕೊಂಡು ಒಂಟಿಯಾಗಿ ಎದ್ದು ನಿಂತ ಬೋಳು ಬಂಡೆ ಜಮಾಲಾಬಾದ್. ನಮ್ಮ ಜನ ಅದನ್ನು ಗಡಾಯಿಕಲ್ಲು ಎನ್ನುತ್ತಾರೆ. ಸೆರೆಯಾಳುಗಳು ಅದರ ಬುಡದಲ್ಲಿ ಬಿಡಾರ ಹೂಡಿದರೆಂದೂ, ಅವರ ಮುಖಂಡರನ್ನು ಬಂಡೆಯ ನೆತ್ತಿಯಿಂದ ಕೆಳಗೆ ತಳ್ಳಲಾಯಿತೆಂದೂ ಸಮುದಾಯದಲ್ಲಿ ಮಾತಿದೆ. ಟಿಪ್ಪು ಈ ಕೋಟೆಯನ್ನು ಕಟ್ಟಿಸಿ ತಾಯಿ ಜಮಾಲ್ ಬೀಯ ಹೆಸರಿಟ್ಟದ್ದು 1794ರಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿದ ಕಾಲ. ಎಂದರೆ 1784ರ ಜನ ಕಂಡದ್ದು ಇಂದು ನಾವು ಮೆಟ್ಟಿಲು ಹತ್ತಿ ನೋಡುವ ಕೋಟೆಯನ್ನಲ್ಲ. ನರಸಿಂಹ ಅಂಗಡಿ ಎಂಬ ಹಳೆಯ ಊರನ್ನು, ಅದರ ಹಿಂದಿನ ಬಂಡೆಯನ್ನು. ಆಮೇಲೆ ಬಂದ ಕೋಟೆಯ ಹೆಸರು ಹಿಂದಿನ ನೋವಿಗೆ ಅಂಟಿಕೊಂಡಿತು. ಬಂಡೆಯ ಬುಡದಲ್ಲಿ ಮಲಗಿದ ರಾತ್ರಿ ಮಾತ್ರ ತಲೆಮಾರುಗಳಿಗೆ ಮರೆಯಲಿಲ್ಲ. ಅಲ್ಲಿಂದ ಮುಂದೆ ಘಟ್ಟ. ಸುಮಾರು ನಾಲ್ಕು ಸಾವಿರ ಅಡಿ ಏರು, ದಟ್ಟ ಕಾಡು, ಕರಾವಳಿಯ ಸೆಖೆಗೆ ಒಗ್ಗಿದ ಮೈಗೆ ರಾತ್ರಿಯ ಚಳಿ. ದಾರಿಯಲ್ಲಿಯೇ 20,000 ಮಂದಿ ಸತ್ತರೆಂದು ಬ್ರಿಟಿಷರ ದಾಖಲೆಗಳು ಹೇಳುತ್ತವೆ. ಶತ್ರುವಿನ ದಾಖಲೆ ಎಂಬ ಎಚ್ಚರವನ್ನು ಇಟ್ಟುಕೊಂಡೇ ಅದನ್ನು ಓದಬೇಕು. ಆದರೆ ಘಟ್ಟದ ಜ್ವರ, ಹಸಿವು, ಆಯಾಸ ಇವು ಯಾವ ಪಕ್ಷಕ್ಕೂ ಸೇರಿದವಲ್ಲ.

ಇತ್ತ ಮಂಗಳೂರಿನಲ್ಲಿ ಮಾರ್ಚ್ 11ರಂದು ಟಿಪ್ಪುವೂ ಇಂಗ್ಲಿಷ್ ಕಂಪೆನಿಯೂ ಒಪ್ಪಂದಕ್ಕೆ ಸಹಿ ಹಾಕಿದವು. ಚರಿತ್ರೆಯ ಪಠ್ಯಗಳಲ್ಲಿ ನಾವೆಲ್ಲ ಕಂಠಪಾಠ ಮಾಡಿದ ಮಂಗಳೂರು ಒಪ್ಪಂದ ಇದೇ. ಯುದ್ಧ ಮುಗಿದ ಆ ಗುರುವಾರ, ಯುದ್ಧದ ಹೆಸರಿನಲ್ಲಿ ಮನೆ ಕಳೆದುಕೊಂಡವರು ತಪಸ್ಸುಕಾಲದ ಮೂರನೆಯ ವಾರದ ನಡಿಗೆಯಲ್ಲಿದ್ದರು. ಅವರನ್ನು ಹಿಂದಕ್ಕೆ ಕರೆತರುವ ಯೋಚನೆ ಎರಡೂ ಕಡೆಯವರಿಗೆ ಬಂದಂತಿಲ್ಲ.

ಶಿಲುಬೆಯ ಹಾದಿಯ ಐದನೆಯ ನಿಲ್ದಾಣದಲ್ಲಿ ಕುರೇನ್ಯದ ಸೀಮೋನ ಎಂಬೊಬ್ಬ ಬರುತ್ತಾನೆ. ಅವನು ಏಸುವಿನ ಶಿಷ್ಯನಲ್ಲ. ಹೊಲದಿಂದ ಊರಿಗೆ ಬರುತ್ತಿದ್ದ ದಾರಿಹೋಕ. ಸೈನಿಕರು ಅವನನ್ನು ಹಿಡಿದು ಬಲವಂತದಿಂದ ಶಿಲುಬೆ ಹೊರಿಸುತ್ತಾರೆ. ಭಕ್ತಿಯಿಂದ ಹೊತ್ತನೋ, ಮನಸ್ಸಿನಲ್ಲಿ ಶಪಿಸುತ್ತ ಹೊತ್ತನೋ ಸುವಾರ್ತೆಗಳು ಹೇಳುವುದಿಲ್ಲ. ಆದರೂ ಹದಿನಾಲ್ಕರಲ್ಲಿ ಒಂದು ನಿಲ್ದಾಣ ಅವನಿಗೆ ಮೀಸಲಾಗಿದೆ. ಬೇಡದ ಭಾರ ಹೊತ್ತು ನಡೆದವನ ನಡಿಗೆಯನ್ನೂ ಯಾತ್ರೆಯ ಒಳಗೇ ಎಣಿಸುವ ಧರ್ಮವೊಂದರ ಜನ ಇವರು. ಫರಂಗಿಪೇಟೆಯ ಗದ್ದೆಯಿಂದ ಎದ್ದು ನಡೆದ ಒಕ್ಕಲಿಗ ಸೀಮೋನನನ್ನು ನೆನೆದನೋ ಇಲ್ಲವೋ, ಅವನ ಮೊಮ್ಮಕ್ಕಳು ಆ ನಿಲ್ದಾಣದ ಮುಂದೆ ಮಂಡಿಯೂರಿದಾಗ ಅಜ್ಜನ ನೆನಪು ಬಾರದೆ ಹೋಗುವುದು ಕಷ್ಟ. ಆದರೆ ಇದನ್ನು ಹಿಂದಿನಿಂದ ನೋಡುವವರು ಹೇಳಬಹುದೇ ಹೊರತು, ದಾರಿಯಲ್ಲಿ ಮಗುವನ್ನು ಮಣ್ಣು ಮಾಡಿದ ತಾಯಿಗೆ ಅದು ಯಾತ್ರೆಯಾಗಿತ್ತೆಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಶ್ರೀರಂಗಪಟ್ಟಣದಲ್ಲಿ ಕಳೆದ ಹದಿನೈದು ವರ್ಷಗಳ ಕಥೆ ದೊಡ್ಡದು. ಗಂಡಸರನ್ನು ಸೇನೆಗೆ ಸೇರಿಸಲಾಯಿತು. ಸೆರೆಯಲ್ಲಿದ್ದ ಬ್ರಿಟಿಷ್ ನಾವಿಕ ಜೇಮ್ಸ್ ಸ್ಕರ್ರಿ, 30,000 ಮಂದಿಯನ್ನು ಬಲವಂತವಾಗಿ ಮತಾಂತರಿಸಲಾಯಿತೆಂದು ಬರೆದಿದ್ದಾನೆ. ಕೆಲವರು ತಪ್ಪಿಸಿಕೊಂಡು ಕೊಡಗಿಗೆ ಹೋದರು. ಕೊಡಗಿನ ದೊಡ್ಡ ವೀರರಾಜೇಂದ್ರ ಅವರಿಗೆ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ಇಗರ್ಜಿ 1792ರಲ್ಲಿ ಹುಟ್ಟಿದ್ದು ಹೀಗೆ ಬಂದವರಿಂದ.

ಇನ್ನು ಮೂಡುಬಿದಿರೆಯ ಮಾತು. ಮೂಡುಬಿದಿರೆ ಎಂದೊಡನೆ ಎಲ್ಲರಿಗೂ ನೆನಪಾಗುವುದು 1430ರ ಸಾವಿರ ಕಂಬದ ಬಸದಿ, ಚೌಟರ ಅರಮನೆಯ ಮರದ ಕೆತ್ತನೆಯ ಕಂಬಗಳು. ಅದರ ಹತ್ತಿರವೇ ಹೊಸ್ಪೇಟ್ ಎಂಬಲ್ಲಿ ಪವಿತ್ರ ಶಿಲುಬೆಯ ಇಗರ್ಜಿ ಇದೆ. ತುಂಗಭದ್ರೆಯ ಹೊಸಪೇಟೆಯೊಂದಿಗೆ ಇದನ್ನು ಬೆರೆಸಬಾರದು. ಇದು ಸಣ್ಣ ಹಳ್ಳಿ. ಆಜ್ಞೆ ಬಂದಾಗ ಚೌಟ ಅರಸ ನಡುವೆ ಬಂದು ಮಾತನಾಡಿದ್ದರಿಂದ ಈ ಇಗರ್ಜಿ ಉಳಿಯಿತು ಎನ್ನುತ್ತಾರೆ. ಚೌಟರು ಜೈನರು. ಹೊತ್ತಿಗೆ ಅವರ ಹಳೆಯ ಅಧಿಕಾರವೆಲ್ಲ ಹೋಗಿ ಹೆಸರಿಗಷ್ಟೇ ಅರಸರಾಗಿದ್ದವರು. ಸುಲ್ತಾನನ ಸಿಟ್ಟಿನ ಎದುರು ಅಂಥವರ ಮಾತಿಗೆ ಎಷ್ಟು ಬೆಲೆ? ಆದರೂ ಒಂದು ಮಾತು ಆಡಿದರು, ಒಂದು ಕಟ್ಟಡ ಉಳಿಯಿತು. ಒಕ್ಕಲುಗಳು ಹೋದರೂ ಅವರ ದೇವರ ಮನೆ ಇರಲಿ ಎಂಬ ಭಾವನೆಯಿಂದಲೋ, ಒಕ್ಕಲುಗಳು ಮರಳಿ ಬಂದಾರೆಂಬ ಆಸೆಯಿಂದಲೋ. ಎರಡನೆಯದಾದರೂ ಅದೇನು ಕೀಳಲ್ಲ. ಉತ್ತು ಬಿತ್ತುವ ಕೈಗಳಿಲ್ಲದೆ ಹೊಲಗಳು ಹಾಳುಬೀಳುವ ಸಂಕಟ ಭೂಮಿಯ ಒಡೆಯನಿಗೇ ಚೆನ್ನಾಗಿ ಗೊತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಬದುಕಿ ಉಳಿದವರು ಬಿಡುಗಡೆಯಾದರು. ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅಲ್ಲಿಗೆ ಬಂದು ಚದುರಿದವರನ್ನು ಮತ್ತೆ ಧರ್ಮದೊಳಗೆ ಸೇರಿಸಿಕೊಳ್ಳುವ ಕೆಲಸಕ್ಕೆ ನಿಂತರು. ಕೆಲವರು ಮೈಸೂರು ಸೀಮೆಯಲ್ಲಿಯೇ ಉಳಿದರು. ಮುಸಲ್ಮಾನರಾಗಿ ಬೆಳೆದ ಮಕ್ಕಳಲ್ಲಿ ಹಲವರಿಗೆ ಹಿಂದಿರುಗಲು ಮನಸ್ಸಿರಲಿಲ್ಲ. ಅವರಿಗೆ ಅದೇ ಊರು, ಅದೇ ಭಾಷೆ. ಉಳಿದವರು ಬಂದ ದಾರಿಯಲ್ಲೇ ಕೆಳಗೆ ಇಳಿದರು. ಮೇ ತಿಂಗಳಲ್ಲಿ ಕೂಡಲೇ ಹೊರಟವರಿಗೆ ಘಟ್ಟದ ಮಳೆ ಎದುರಾಗಿರಬೇಕು. ಹೋಗುವಾಗ ತಾಯಿಯ ಕಂಕುಳಲ್ಲಿದ್ದ ಮಗು ಬರುವಾಗ ಹದಿನಾರರ ಹರೆಯದವನು. ತನ್ನ ಊರೆಂದು ಹಿರಿಯರು ತೋರಿಸಿದ ಗದ್ದೆಯಲ್ಲಿ ಬೇರೆಯವರ ಬೆಳೆ ನಿಂತಿತ್ತು. ಈ ಜಮೀನಿನ ತಕರಾರುಗಳು ಹೊಸ ಕಂಪೆನಿ ಸರಕಾರದ ಅಧಿಕಾರಿಗಳಿಗೆ ತಲೆನೋವಾದವು.

ಮತ್ತೆ ಕಟ್ಟುವ ಕೆಲಸ ಬೇಗ ಆಗಲಿಲ್ಲ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಮರಳಿ ಎದ್ದದ್ದು 1811ರಲ್ಲಿ. ಬುಕಾನನ್ ಬಂದ 1801ರ ಹೊತ್ತಿಗೆ ಜನ ಇನ್ನೂ ಒಂದೊಂದೇ ಮನೆಯಾಗಿ ನೆಲೆ ಕಂಡುಕೊಳ್ಳುತ್ತಿದ್ದರು. ಅವನು ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ಜಮಾಲಾಬಾದ್ ನೋಡಿಕೊಂಡು ವೇಣೂರಿನ ಮೇಲೆ ಮೂಡುಬಿದಿರೆಗೆ ಬಂದ. ಭತ್ತ, ಅಡಿಕೆ, ಮಣ್ಣು, ತೆರಿಗೆ ಎಲ್ಲವನ್ನೂ ಬರೆದುಕೊಂಡ ಆ ವೈದ್ಯನ ಪುಸ್ತಕ 1807ರಲ್ಲಿ ಅಚ್ಚಾಯಿತು. ಕಂಪೆನಿಯ ಕಣ್ಣಿನಿಂದ ಬರೆದ ಪುಸ್ತಕವಾದರೂ ನಮ್ಮ ತಾಲೂಕುಗಳ ಹಳೆಯ ಚಿತ್ರ ಬೇಕೆಂದರೆ ಇಂದಿಗೂ ಅದನ್ನೇ ತೆರೆಯಬೇಕು.

ಈಗಿನ ಬೆಳ್ತಂಗಡಿಯಲ್ಲಿ ತಪಸ್ಸುಕಾಲಕ್ಕೆ ಇನ್ನೊಂದು ಬಣ್ಣ ಸೇರಿದೆ. ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರು ನೆಟ್ಟ ಸಿರೋ ಮಲಬಾರ್ ಕ್ರೈಸ್ತರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ ರಚನೆಯಾಯಿತು. ಅವರ ವಿಭೂತಿ ಬುಧವಾರದಂದಲ್ಲ, ಅದರ ಎರಡು ದಿನ ಮೊದಲಿನ ಸೋಮವಾರ. ತಪಸ್ಸುಕಾಲದಲ್ಲಿ ಮರದ ಶಿಲುಬೆ ಹೊತ್ತು ಎರ್ನಾಕುಳಂ ಜಿಲ್ಲೆಯ ಮಲಯಾಟ್ಟೂರು ಬೆಟ್ಟ ಹತ್ತುವುದು ಅವರ ಪರಂಪರೆ. ಹೀಗೆ ಒಂದೇ ತಾಲೂಕಿನಲ್ಲಿ ಸೋಮವಾರ ಕೆಲವರ ಹಣೆಗೆ, ಬುಧವಾರ ಇನ್ನು ಕೆಲವರ ಹಣೆಗೆ ಬೂದಿ. ಈ ಹೊಸಬರಲ್ಲಿ ಎಷ್ಟೋ ಮಂದಿಗೆ, ತಮ್ಮ ತೋಟದಿಂದ ಕಾಣುವ ಗಡಾಯಿಕಲ್ಲಿನ ಬುಡದಲ್ಲಿ 1784ರ ಮಾರ್ಚ್ ತಿಂಗಳಲ್ಲಿ ಯಾರು ಮಲಗಿದ್ದರೆಂಬುದು ತಿಳಿದಿರಲಾರದು. ಬಂಡೆಯ ಹತ್ತಿರ ಅದನ್ನು ಹೇಳುವ ದೊಡ್ಡ ಸ್ಮಾರಕವೂ ಇಲ್ಲ. ರಜಾದಿನಗಳಲ್ಲಿ ಅಲ್ಲಿಗೆ ಬರುವವರು ಹೆಚ್ಚಾಗಿ ಚಾರಣಕ್ಕೆ ಬರುವ ಹುಡುಗರು. ಮೆಟ್ಟಿಲು ಹತ್ತಿ, ಗಾಳಿಗೆ ಮುಖವೊಡ್ಡಿ, ಪಶ್ಚಿಮಕ್ಕೆ ಹರಡಿದ ಬಯಲನ್ನು ನೋಡಿ, ಕತ್ತಲಾಗುವ ಮೊದಲು ಇಳಿಯುತ್ತಾರೆ.